ನಾಲ್ಕನೇ ಜ್ವರ ಮತ್ತು ಹತ್ತನೇ ತರಗತಿ

ಸಂಗತಿಗಳು ಇಷ್ಟು. ಕಾಲ, ತೊಂಬತ್ತರ ದಶಕದ ಆರಂಭ. ನಾನು ಗೌರಿಬಿದನೂರಿನ ವಿಜ್ಞಾನ ಪದವೀಧರ. ಕೆಲಸ, ಜಂಗಮಕೋಟೆ ಕಡೆಯ ಪ್ರೌಢಶಾಲೆಯೊಂದರಲ್ಲಿ, ಅದೂ ತಾತ್ಕಾಲಿಕ. ಪ್ರಯೋಗಾಲಯಕ್ಕೆ ಬೀಗ. ತನಿಖೆಯ ದಿನ ಹತ್ತನೇ ತರಗತಿಯ ಹಾಜರಿ ಅರ್ಧಕ್ಕಿಂತ ಕಡಿಮೆಯಾದರೆ ನನ್ನ ಹುದ್ದೆ ರದ್ದು. ಇಂಥಲ್ಲಿ ನಗೆಪ್ರಸಂಗ ನಡೆಯುತ್ತಲೇ ಇರುತ್ತದೆ, ಯಾರೂ ಏರ್ಪಡಿಸಬೇಕಾಗಿಲ್ಲ.

೧. ಜ್ವರ

ಜಾಣ ಹುಡುಗಿಯೊಬ್ಬಳು ಕೆಲವು ದಿನ ಬರಲಿಲ್ಲ.

"ಅವಳ ಮನೇಲಿ ನಾಲ್ಕನೇ ಜ್ವರ ಸಾರ್," ಎಂದಳು ಗೆಳತಿ.

ನಾಲ್ಕನೆಯ ಬಾರಿ ಮರುಕಳಿಸಿದ್ದರೆ ಟೈಫಾಯ್ಡೇ ಇರಬೇಕೆಂದು ಬ್ರೆಡ್ ಹಿಡಿದು ಹೋದೆ. ತಾಯಿ ಬಾಗಿಲಲ್ಲೇ ತಡೆದರು.

"ಮೆತ್ತಗೆ ಬನ್ನಿ ಸಾರ್, ಎಲ್ಲಾ ಜ್ವರಕ್ಕೆ ಕೂತವೆ."

"ಎಷ್ಟು ಜನಕ್ಕಮ್ಮ?"

"ಜನಕ್ಕಾ? ಇನ್ನೂರು ಮೊಟ್ಟೆ ಸಾರ್!"

ರೇಷ್ಮೆಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ, ನಾಲ್ಕನೆಯದೇ ಕೊನೆಯದು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ಅವರ ಲೆಕ್ಕದಲ್ಲಿ ಒಂದು ಮೊಟ್ಟೆ. ಹುಳು ಎದ್ದೊಡನೆ ಬೇಕಾಗುವ ಸೊಪ್ಪು ಕೊಯ್ಯಲು ಹುಡುಗಿ ಹೋಗಿದ್ದಳು. ನನ್ನ ಬ್ರೆಡ್ಡನ್ನು ಆರೋಗ್ಯವಂತರು ತಿಂದು ಮುಗಿಸಿದರು.

೨. ತೃಪ್ತಿ

ಮುಖ್ಯೋಪಾಧ್ಯಾಯರು ಚಿಂತಾಮಣಿಯವರು, ಮನೆಮಾತು ತೆಲುಗು.

"ಕೆಲಸ ತೃಪ್ತಿಯಾಗೈತೇನಪ್ಪಾ?"

"ಇಲ್ಲ ಸಾರ್. ಪ್ರಯೋಗಾಲಯದ ಬೀಗದ ಕೈ ಕೊಡಿ."

"ಉಂಡನೀಪ್ಪಾ, ಅತೃಪ್ತಿ ಹಂಗೇ ಇರ್ಲಿ. ತೃಪ್ತಿ ಅಂತ ಬಾಯಿ ಬಿಟ್ಟೋರನ್ನೆಲ್ಲ ಎತ್ತಂಗಡಿ ಮಾಡವ್ರೆ. ನಾನು ಸೇರಿದ ದಿನದಿಂದ ಗೊಣಗ್ತಾನೇ ಇದೀನಿ. ನೋಡು, ಕುರ್ಚಿ ಅಲ್ಲಾಡಿಲ್ಲ!"

೩. ಹಣ್ಣು

ತನಿಖೆಯ ದಿನ ತರಗತಿಯಲ್ಲಿದ್ದದ್ದು ಐದೇ ಮಕ್ಕಳು.

"ಮಿಕ್ಕವರೆಲ್ಲಿ?" ಎಂದರು ದೂರದ ಜಿಲ್ಲೆಯಿಂದ ಬಂದಿದ್ದ ಅಧಿಕಾರಿ.

"ಹುಳ ಹಣ್ಣಾಗವೆ ಸಾರ್," ಎಂದನೊಬ್ಬ.

"ಹಣ್ಣಲ್ಲಿ ಹುಳ ಇದ್ರೆ ಬಿಸಾಕಿ ಬರೋದು ತಾನೆ? ಅದಕ್ಕೂ ರಜವೇ?"

ಹೋಗುವ ಹುದ್ದೆ ಹೋಗಲಿ ಎಂದು ಅವರನ್ನು ಆ ಹುಡುಗಿಯ ಮನೆಗೇ ಕರೆದೊಯ್ದೆ. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ತಡಮಾಡದೆ ಆಯ್ದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಉಳಿದ ತರಗತಿಯೆಲ್ಲ ಅಲ್ಲಿ ಮುಯ್ಯಾಳಾಗಿ, ಇಂದು ನಿಮಗೆ ನಾಳೆ ನಮಗೆ ಎಂಬ ಲೆಕ್ಕದಲ್ಲಿ, ದುಡಿಯುತ್ತ ಕೂತಿತ್ತು. ಕೀಟದ ಜೀವನಚಕ್ರದ ಪಾಠವನ್ನು ಅಲ್ಲೇ ಆರಂಭಿಸಿದೆ. ಮಕ್ಕಳು ತಲೆಯೆತ್ತದೆ ಉತ್ತರಿಸಿದರು. ಅಧಿಕಾರಿ ಪ್ರಶ್ನೆ ಕೇಳಲು ಬಾಯಿ ತೆರೆದರು.

"ಸುಮ್ನೆ ನಿಂತಿರೋರ್ಯಾರು?" ತಾಯಿಯ ದನಿ. "ಶೂ ಬಿಚ್ಚಿ ಬಂದು ಆಯಿರಿ. ಹಳದಿ ತಿರುಗಿರೋವು ಮಾತ್ರ!"

ಅಧಿಕಾರಿ ಕೂತರು, ಆಯ್ದರು. ತಾಯಿ ಅವರ ಮೊರ ನೋಡಿ ಹಣೆ ಚಚ್ಚಿಕೊಂಡರು.

"ಬರೀ ಎಳೇವೇ ಆಯ್ದವ್ರಲ್ಲಪ್ಪಾ! ಮೇಷ್ಟ್ರೇ, ಇವ್ರನ್ನ ಹತ್ತನೇ ಕ್ಲಾಸಿಗೆ ಯಾಕೆ ಸೇರಿಸ್ಕೊಂಡ್ರಿ? ಐದಕ್ಕೋ ಆರಕ್ಕೋ ಹಾಕಿ!"

"ತರಗತಿ ಪೂರ್ಣ ಹಾಜರಿ ಅಂತ ಬರೀತೀನಮ್ಮ," ಎಂದರು ಅಧಿಕಾರಿ, "ನನ್ನನ್ನ ಮಾತ್ರ ಫೇಲ್ ಮಾಡಬೇಡಿ."

ನನ್ನ ಹುದ್ದೆ ಉಳಿಯಿತು.

ಪರೀಕ್ಷೆ, ತನಿಖೆಗಳ ದಿನ ಗೊತ್ತುಪಡಿಸುವವರು ನಿಮಗೆ ಪರಿಚಿತರಾಗಿದ್ದರೆ ದಯವಿಟ್ಟು ಇದನ್ನು ಅವರಿಗೆ ದಾಟಿಸಿ. ಶಿಕ್ಷಕರನ್ನಂತೂ ಅವರು ಕೇಳುವುದಿಲ್ಲ, ಹುಳುವನ್ನಾದರೂ ಕೇಳಲಿ.