ಹಾಲಿನ ದೋಣಿ ಮತ್ತು ನನ್ನ ಕೈಗುಣ

ಪಾಂಡವಪುರದಲ್ಲಿ ಪಂಪ್‌ಸೆಟ್ಟು, ಟಿಲ್ಲರು ರಿಪೇರಿ ಮಾಡಿಕೊಂಡು ಇಪ್ಪತ್ತು ವರ್ಷ ಕಳೆದವನು ನಾನು. ಪೂರ್ತಿ ಕೆಟ್ಟ ಇಂಜಿನ್ನು ಸಾಧು ಪ್ರಾಣಿ, ಅದರ ಕಾಯಿಲೆ ಏನೆಂದು ಅದೇ ಹೇಳಿಬಿಡುತ್ತದೆ. ಒಂದು ದಿನ ಓಡಿ ಇನ್ನೊಂದು ದಿನ ಮುನಿಸಿಕೊಳ್ಳುವ ಇಂಜಿನ್ನು ಇದೆಯಲ್ಲ, ಅದು ಮೆಕ್ಯಾನಿಕ್ಕಿನ ಮಾನ ಕಳೆಯಲಿಕ್ಕೆಂದೇ ಹುಟ್ಟಿದ್ದು. ಅಂಥವೆಲ್ಲ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಒಂದು ಮಾತ್ರ ನನ್ನ ಮಾನ ಕಳೆಯುವ ಬದಲು ಹೆಚ್ಚಿಸಿಬಿಟ್ಟಿತು. ಅದರಿಂದ ಪಟ್ಟಷ್ಟು ಪಾಡು ನಾನು ಇನ್ನಾವುದರಿಂದಲೂ ಪಟ್ಟಿಲ್ಲ.

೧. ನಡುನೀರಿನಲ್ಲಿ

ಬೂಕನಕೆರೆ ಕಡೆಯ ಹಿನ್ನೀರಿನಲ್ಲಿ ಒಂದು ದೋಣಿ ಇತ್ತು. ಆಚೆ ದಡದ ಹೆಂಗಸರು ಬೆಳಿಗ್ಗೆ ಅದರಲ್ಲಿ ಹಾಲಿನ ಕ್ಯಾನು ತಂದು ಈಚೆ ದಡದ ಡೇರಿಗೆ ಹಾಕುತ್ತಿದ್ದರು. ದೋಣಿಯವನಿಗೆ ಹುಟ್ಟು ಹಾಕಿ ಹಾಕಿ ಭುಜ ಹೋಗಿತ್ತು, ಅದಕ್ಕೇ ಹಿಂದುಗಡೆ ಪೆಟ್ರೋಲ್ ಇಂಜಿನ್ನು ಕಟ್ಟಿಸಿಕೊಂಡಿದ್ದ. ಅದು ವಾರಕ್ಕೆ ಮೂರು ದಿನ ನಡುನೀರಿನಲ್ಲಿ ನಿಂತುಬಿಡುತ್ತಿತ್ತು. ಡೇರಿ ಬಾಗಿಲು ಹಾಕುವುದರೊಳಗೆ ಹಾಲು ಮುಟ್ಟದಿದ್ದರೆ ಹೆಂಗಸರು ಬಳಸುದಾರಿಯ ಗೂಡ್ಸ್ ಆಟೋ ಹಿಡಿಯುತ್ತಾರೆ. ಅವರು ಹೋದರೆ ಇವನ ಮನೆ ಒಲೆ ಹೊತ್ತುವುದಿಲ್ಲ.

ಮೊದಲ ಸಲ ನಾನು ಮೀನಿನವರ ತೆಪ್ಪದಲ್ಲಿ ಕೂತು ನಿಂತ ದೋಣಿಯ ಹತ್ತಿರ ಹೋದೆ. ಮಂಜು ನೀರಿನ ಮೇಲೆ ಮಲಗಿತ್ತು. ಮುಳುಗಿದ ಮರದ ತುದಿಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ಕ್ಯಾನುಗಳ ನಡುವೆ ಹೆಂಗಸರು ಮೆಲ್ಲಗೆ ಮಾತಾಡುತ್ತಿದ್ದರು, ಆ ಮಾತು ಎಲ್ಲಿಂದಲೋ ತೇಲಿ ಬಂದಂತೆ ಕೇಳುತ್ತಿತ್ತು. ಮೆಕ್ಯಾನಿಕ್ಕಾದವನು ಹೇಳಬಾರದು, ಆದರೂ ಹೇಳುತ್ತೇನೆ: ನನಗೆ ಓಡುವ ದೋಣಿಗಿಂತ ನಿಂತ ದೋಣಿ ಇಷ್ಟ. ಆ ಮಂಪರಿನಲ್ಲೇ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದೆ. ಪೆಟ್ರೋಲು ಇತ್ತು. ಮುಚ್ಚಿ ಹಗ್ಗ ಎಳೆದೆ. ಒಂದೇ ಏಟಿಗೆ ಸ್ಟಾರ್ಟು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂದುಕೊಂಡೆ. ದಡಕ್ಕೆ ಬಂದು ಎಲ್ಲ ಬಿಚ್ಚಿ ನೋಡಿ, ಇದರಲ್ಲಿ ಏನೂ ಕೆಟ್ಟಿಲ್ಲ ಎಂದು ದೋಣಿಯವನಿಗೆ ಹೇಳಿದೆ.

"ಕೆಟ್ಟಿತ್ತು ಕಣಣ್ಣ," ಅಂದ ಅವನು. "ನಿನ್ ಕಂಡು ಎದ್ರುಕೊಂಡದೆ."

೨. ಮೂರು ಪ್ಲಗ್ಗು

ಹೆದರಿಕೆ ಎರಡೇ ದಿನಕ್ಕೆ ಬಿಟ್ಟಿತು. ಶ್ರೀರಂಗಪಟ್ಟಣದ ಬಿಡಿಭಾಗದ ಅಂಗಡಿಯಿಂದ ಹೊಸ ಪ್ಲಗ್ಗು ತಂದು ಹಾಕಿದೆ. ಮತ್ತೆ ನಿಂತಿತು. ಇನ್ನೊಂದು ತಂದೆ. ಅದೂ ನಿಂತಿತು. ಮೂರನೆಯದಕ್ಕೂ ಅದೇ ಗತಿಯಾಯಿತು. ನಾಲ್ಕನೆಯದಕ್ಕೆ ಹೋದಾಗ ಅಂಗಡಿಯ ಸಾಹೇಬರು ಕೊಡಲಿಕ್ಕೇ ಒಪ್ಪಲಿಲ್ಲ. ಹಳೆಯ ಮೂರನ್ನೂ ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು.

"ಭಾಯ್, ಮೂರೂ ಅಚ್ಛಾ ಇದಾವೆ. ದಿನಕ್ಕೊಂದು ಬದಲಾಯಿಸಿ ಹಾಕಿ. ಇಂಜಿನ್ನಿಗೂ ಮನ್ಸಿಗೆ ಬೇಜಾರಾಗಿರ್ಬೇಕು."

೩. ಕಾಫಿ ಆರುತ್ತದೆ

ಒಂದು ಬೆಳಿಗ್ಗೆ ದೋಣಿಯವನು ನಡುನೀರಿನಿಂದಲೇ ಫೋನು ಮಾಡಿದ. ನಾನಿನ್ನೂ ಹಾಸಿಗೆಯಲ್ಲಿದ್ದೆ. ಮುಚ್ಚಳ ತೆಗೆದು ಪೆಟ್ರೋಲು ಇದೆಯಾ ನೋಡಿ ಎಳಿ ಎಂದು ಕಣ್ಣು ಮುಚ್ಚಿಕೊಂಡೇ ಹೇಳಿದೆ. ಆ ಕಡೆಯಿಂದ ಇಂಜಿನ್ನು ಗುರ್ ಅಂದಿತು. ಮಾರನೆಯ ದಿನದಿಂದ ಫೋನು ಬರಲಿಲ್ಲ, ವಾಸಿಯಾಯಿತು ಅಂದುಕೊಂಡೆ.

ಆಮೇಲೆ ತಿಳಿಯಿತು, ಅವನು ನನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ. ದೋಣಿ ನಿಂತಾಗಲೆಲ್ಲ ಇಂಜಿನ್ನಿನ ಹತ್ತಿರ ಹಿಡಿದು ಅದನ್ನು ಕೇಳಿಸುತ್ತಿದ್ದ. ತಾನೂ ಕೇಳಿ, ಭಕ್ತಿಯಿಂದ ಮುಚ್ಚಳ ತೆಗೆದು ನೋಡಿ, ಮುಚ್ಚಿ ಎಳೆಯುತ್ತಿದ್ದ. ಸ್ಟಾರ್ಟ್ ಆಗುತ್ತಿತ್ತು. ಅದರಲ್ಲಿ ನನ್ನ ಹೆಂಡತಿ ಅಡುಗೆಮನೆಯಿಂದ ಕಾಫಿ ಆರುತ್ತದೆ ಎಂದು ಕೂಗಿದ್ದೂ ಸೇರಿತ್ತು. ಅವನಿಗೆ ಒಂದೇ ಅನುಮಾನ ಉಳಿದಿತ್ತು.

"ಅಣ್ಣ, ಅಕ್ಕಾರ್ ಮಾತೂ ಇರ್ಬೇಕಾ, ಇಲ್ಲ ನಿಂದೊಂದೇ ಸಾಕಾ?"

೪. ಶೀಳನೆರೆಯ ಸ್ಕೂಟರು

ಸುದ್ದಿಗೆ ಪೆಟ್ರೋಲು ಬೇಕಿಲ್ಲ. ನಾಗಮಂಗಲದ ಕಡೆಯಿಂದಲೂ ಜನ ಬರತೊಡಗಿದರು. ಬಿಂಡಿಗನವಿಲೆಯವರೊಬ್ಬರು ಬಸ್ಸಿನಲ್ಲಿ ಮಿಕ್ಸಿ ತಂದು, ಬಿಚ್ಚಬೇಡಿ, ಸುಮ್ಮನೆ ಮುಟ್ಟಿ ಎಂದರು. ಶೀಳನೆರೆಯವನೊಬ್ಬ ಆಟೋದಲ್ಲಿ ಸ್ಕೂಟರು ಹೇರಿಕೊಂಡು ಬಂದ. ತೆರೆದು ನೋಡಿದರೆ ಟ್ಯಾಂಕು ಒಣಗಿತ್ತು. ಪೆಟ್ರೋಲೇ ಇಲ್ಲವಲ್ಲಪ್ಪ ಅಂದೆ.

"ಗೊತ್ತು ಕಣಣ್ಣ," ಅಂದ. "ಪೆಟ್ರೋಲ್ ಇದ್ರೆ ಯಾರ್ ಮುಟ್ಟುದ್ರೂ ಓಡ್ತದೆ. ಅದ್ಕೆ ನಿನ್ ತಾವ್ಕೆ ಯಾಕೆ ಬರ್ಬೇಕಿತ್ತು?"

೫. ಎರಡು ಬೆರಳು

ದೋಣಿ ನಿಂತು, ರೆಕಾರ್ಡು ಕೇಳಿಸಿ, ಮತ್ತೆ ಹೊರಡುವಷ್ಟರಲ್ಲಿ ಎಷ್ಟೋ ದಿನ ಡೇರಿ ಬಾಗಿಲು ಹಾಕಿರುತ್ತಿತ್ತು. ಕೊನೆಗೆ ಹೆಂಗಸರು ಖಂಡಿತವಾಗಿ ಹೇಳಿಬಿಟ್ಟರು: ಇನ್ನೊಂದು ದಿನ ಹಾಲು ವಾಪಸ್ ಬಂದರೆ ಮಾರನೆಯ ದಿನದಿಂದ ಆಟೋ. ದೋಣಿಯವನು ಅಂಗಡಿಗೆ ಬಂದು ಹಳೇ ಟೈರಿನ ಮೇಲೆ ಕೂತ. ತರಿಸಿದ ಟೀ ಮುಟ್ಟಲಿಲ್ಲ.

"ಹುಟ್ಟು ಇಡಿಯಾಣ ಅಂದ್ರೆ ಕೈ ಮ್ಯಾಕೇ ಏಳಲ್ಲ ಕಣಣ್ಣ. ನಿನ್ನೇ ನಂಬ್ಕೊಂಡಿವ್ನಿ."

ನನಗೆ ನಾಚಿಕೆಯಾಯಿತು. ಅವನು ನಂಬಿದ್ದು ನನ್ನ ಕೈಯನ್ನು, ಆ ಕೈಯಲ್ಲಿ ಗ್ರೀಸು ಬಿಟ್ಟರೆ ಏನೂ ಇರಲಿಲ್ಲ. ಮಾರನೆಯ ಬೆಳಿಗ್ಗೆ ಆಚೆ ದಡಕ್ಕೆ ಹೋಗಿ ಅವರ ಜೊತೆಗೇ ದೋಣಿ ಹತ್ತಿದೆ. ಮಂಜು ಕರೆಯುತ್ತಿತ್ತು. ನೋಡಿದರೆ ನಾನು ಕನಸಿಗೆ ಬೀಳುತ್ತೇನೆ ಎಂದು ಗೊತ್ತಿದ್ದುದರಿಂದ ನೀರಿಗೆ ಬೆನ್ನು ಹಾಕಿ, ಟ್ಯಾಂಕಿಗೆ ಮುಖ ಮಾಡಿ ಕೂತೆ.

ಎಲ್ಲರಿಗಿಂತ ಹಿರಿಯ ಅಜ್ಜಿ ಟ್ಯಾಂಕಿನ ಪಕ್ಕ ಕ್ಯಾನು ಇಟ್ಟು ಕೂತರು. ಕೂತವರೇ ಮುಚ್ಚಳದ ಮೇಲಿನ ಪುಟ್ಟ ತಿರುಪನ್ನು ಎರಡು ಬೆರಳಿನಲ್ಲಿ ಬಿಗಿಯಾಗಿ ತಿರುಗಿಸಿದರು, ಮನೆಯಲ್ಲಿ ಉಪ್ಪಿನಕಾಯಿ ಜಾಡಿ ಮುಚ್ಚುವ ಹಾಗೆ.

ಅದು ಗಾಳಿಯ ತಿರುಪು. ಪೆಟ್ರೋಲು ಕಡಿಮೆಯಾದಷ್ಟೂ ಅದರ ಮೂಲಕ ಟ್ಯಾಂಕಿಗೆ ಗಾಳಿ ಹೋಗಬೇಕು. ಹೋಗದಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ಇಂಜಿನ್ನಿಗೆ ಪೆಟ್ರೋಲು ಸಿಗುವುದಿಲ್ಲ. ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಮತ್ತೆ ಓಡುತ್ತದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ.

ಯಾಕಜ್ಜಿ ಹೀಗೆ ಮಾಡುತ್ತೀರಿ ಎಂದು ಕೇಳಿದೆ. ಪೆಟ್ರೋಲಿನ ವಾಸನೆ ಹಾಲಿಗೆ ಹತ್ತಿದರೆ ಡೇರಿಯವನು ಮೂಸಿ ನೋಡಿ ವಾಪಸ್ ಕಳಿಸುತ್ತಾನಂತೆ. ಹಾಗಾದರೆ ನಾನು ದಡದಲ್ಲಿ ನೋಡಿದಾಗಲೆಲ್ಲ ತಿರುಪು ತೆರೆದೇ ಇರುತ್ತಿತ್ತಲ್ಲ?

"ಇಳಿಯೋವಾಗ ಸಡ್ಲ ಮಾಡ್ತಿದ್ನಲ್ಲ ಮಗ. ಇನ್ನೊಬ್ಬರ ವಸ್ತ, ಇದ್ದಂಗೇ ಬುಟ್ಟೋಗ್ಬೇಕು."

ಅಜ್ಜಿ ಬರುತ್ತಿದ್ದುದು ವಾರಕ್ಕೆ ಮೂರೇ ದಿನ, ಉಳಿದ ದಿನ ದೋಣಿ ನಿಲ್ಲದೆ ಓಡಿದ್ದು ಯಾಕೆಂದು ಈಗ ತಿಳಿಯಿತು. ತಿರುಪು ಸಡಿಲಿಸಿ ಅವರ ಕ್ಯಾನನ್ನು ದೋಣಿಯ ಮುಂದಕ್ಕೆ ಇರಿಸಿದೆ. ಇಂಜಿನ್ನು ಒಂದು ಸಲವೂ ತಡವರಿಸಲಿಲ್ಲ. ಡೇರಿಯವನು ಬಾಗಿಲು ತೆಗೆಯುವ ಮೊದಲೇ ಹಾಲು ಬಾಗಿಲಲ್ಲಿತ್ತು. ದೋಣಿಯವನು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಹಾಲು ಹಾಕಿ ಬಂದ ಮೇಲೆ ನಾನು ಎಲ್ಲರನ್ನೂ ದೋಣಿಯ ಹತ್ತಿರ ನಿಲ್ಲಿಸಿ ನಿಜ ಹೇಳಿದೆ. ಕೈಗುಣವೂ ಇಲ್ಲ, ಮಂತ್ರವೂ ಇಲ್ಲ, ಮುಚ್ಚಳ ಯಾರು ತೆಗೆದಿದ್ದರೂ ಓಡುತ್ತಿತ್ತು ಎಂದು ತಿರುಪು ತೋರಿಸಿ ವಿವರಿಸಿದೆ. ಮನಸ್ಸು ಹಗುರಾಯಿತು. ಇನ್ನಾದರೂ ಇವರು ನನ್ನನ್ನು ಬರೀ ಮೆಕ್ಯಾನಿಕ್ಕು ಎಂದು ನೋಡುತ್ತಾರೆ ಅಂದುಕೊಂಡೆ. ಎಲ್ಲರೂ ಅಜ್ಜಿಯ ಮುಖ ನೋಡಿದರು. ಅಜ್ಜಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಅಂದ್ರೆ, ನಾನು ಬಂದಾಗ್ಲೆಲ್ಲ ಅಷ್ಟು ಬಿಗಿಯಾಗಿ ಮುಚ್ಚುದ್ರೂ ನೀನು ಮುಟ್ದೇಟ್ಗೆ ಓಡ್ತಿತ್ತು. ಕೈಗುಣ ಅಂದ್ರೆ ಇನ್ನೇನು ಕಣ್ಮಗ? ಸಂಜಿಕೆ ಬಾ, ನಮ್ಮ ಹಸ ಒದೀತದೆ. ಒಂದ್ ಕಿತ ಮುಟ್ಬುಟ್ಟು ಹೋಗು."