ಕಾಕಿ ಒಬ್ಬಳೇ ಮುಳುಗಿದಳು

ನಮ್ಮ ಕಾಕಿಗೆ ತಲೆ ಕೆಟ್ಟಿದೆ ಎಂದು ಸೋಲಾಪುರದ ನಮ್ಮ ಓಣಿಯವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೆಟ್ಟ ತಲೆಯಲ್ಲಿ ಇಷ್ಟೊಂದು ತಯಾರಿ ಹಿಡಿಸುತ್ತದೆಯೇ?

ಚಾದರ ವ್ಯಾಪಾರಿಯ ಹೆಂಡತಿ, ಮೊಮ್ಮಗಳನ್ನು ಕಂಡಾಕೆ. ಕೊಂಕಣಕ್ಕೆ ಪ್ರವಾಸ ಹೋದಾಗ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಕಡಲಿಗಿಳಿದವಳು, ಆಮೇಲೆ ವರ್ಷವರ್ಷವೂ ಹೋಗಿ ಸ್ಕೂಬಾದ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದಳು. ಈಗ ಜೊತೆಗಾರರಿಲ್ಲದೆ ಮುಳುಗಬೇಕಂತೆ.

“ಒಬ್ಬಾಕಿನ ಯಾಕ?” ಕಾಕಾ ಕೇಳಿದರು.

“ಮದಿವ್ಯಾದಾಗಿಂದ ನಾ ಒಬ್ಬಾಕಿ ಎಲ್ಲಿ ಹೋಗೀನ್ರಿ? ನೀರಾಗ ಯಾರೂ ಚಾ ಕೇಳಂಗಿಲ್ಲ.”

ನೀರಡಿಯಲ್ಲಿ ಒಬ್ಬರೇ ಇದ್ದಾಗ ಉಸಿರು ಮುಗಿದರೆ ಕೊಡುವವರಿಲ್ಲ. ಹಾಗಾಗಿ ಎಲ್ಲವೂ ಎರಡೆರಡು: ಕನ್ನಡಕ, ಗಡಿಯಾರ, ಚಾಕು, ದೊಡ್ಡ ಸಿಲಿಂಡರಿನ ಪಕ್ಕ ಒಂದು ಸಣ್ಣದು. “ಎರಡನೇ ಚಾಕು ಯಾಕ? ಕೆಳಗ ಉಳ್ಳಾಗಡ್ಡಿ ಹೆಚ್ಚತೀಯೇನ?” ಎಂದರು ಕಾಕಾ. ಕತ್ತಲಲ್ಲೂ ಸಿಲಿಂಡರಿನ ಪಟ್ಟಿ ಬಿಚ್ಚಲು ಬರಬೇಕೆಂದು ಅಡುಗೆಮನೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅಭ್ಯಾಸ ನಡೆಸಿದಳು. ಪಟ್ಟಿ ಬಿಚ್ಚಿತು, ಹಾಲು ಉಕ್ಕಿತು.

ಸಿಲಿಂಡರಿನ ಗಾಳಿಯಲ್ಲಿ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಮೂರನೆಯದು ಆಪತ್ತಿಗೆ. ಈ ನಿಯಮವನ್ನು ಸ್ಕೂಟಿಯ ಪೆಟ್ರೋಲಿಗೂ ಹಚ್ಚಿದಳು. ನನ್ನನ್ನು ಹಿಂದೆ ಕೂರಿಸಿಕೊಂಡು ಅಕ್ಕಲಕೋಟೆಗೆ ದರ್ಶನಕ್ಕೆ ಹೊರಟವಳು ಒಂದು ಪಾಲು ಮುಗಿಯಿತೆಂದು ನಡುದಾರಿಯಲ್ಲೇ ತಿರುಗಿಸಿಬಿಟ್ಟಳು.

“ಕಾಕಿ, ಪಂಪ್ ಅಲ್ಲೇ ಕಾಣಾಕತ್ತದಲ್ಲ?”

“ಸಮುದ್ರದಾಗ ಪಂಪ್ ಇರ್ತಾವೇನ?”

ಕಡಲಿಗೆ ಮೊದಲು, ಕರಜಗಿಯ ನಮ್ಮ ಹೊಲದ ದೊಡ್ಡ ಬಾವಿಯಲ್ಲಿ ಒಬ್ಬಳೇ ಮುಳುಗುವುದೆಂದು ನಿಶ್ಚಯವಾಯಿತು. ಎಸ್ಟಿ ಬಸ್ಸಿನ ಕಂಡಕ್ಟರ್ ಸಿಲಿಂಡರ್ ನೋಡಿ ತಡೆದ. “ಅಕ್ಕಾರ, ಗ್ಯಾಸ್ ಒಯ್ಯಂಗಿಲ್ಲ.”

“ಗ್ಯಾಸ್ ಅಲ್ಲಪಾ, ಹವಾ ಅದ.”

“ಹವಾ ಕರಜಗಿಯೊಳಗ ಸಿಗಂಗಿಲ್ಲೇನ್ರಿ?”

ಕೊನೆಗೆ ಟೆಂಪೊ ಹಿಡಿದೆವು.

ಕಾಕಿ ನೀರಿಗಿಳಿದಳು. ಕಾಕಾ ತಾವು ನೋಡುವುದಿಲ್ಲವೆಂದು ಬಾವಿಗೆ ಬೆನ್ನು ಹಾಕಿ ಕೂತರು. ಗುಳ್ಳೆಗಳು ಬಾವಿಯ ಸುತ್ತ ಓಡಾಡಿದವು. ಆಮೇಲೆ ಒಂದೇ ಕಡೆ ನಿಂತವು. ಹೇಳಿದ ಹೊತ್ತು ಮೀರಿತು. ಕೆಳಗೆ ಹಳೆಯ ಮೋಟಾರಿನ ಹಗ್ಗ ಸಿಲಿಂಡರಿಗೆ ಸುತ್ತಿಕೊಂಡಿತ್ತಂತೆ. ಕಾಲಿಗೆ ಕಟ್ಟಿದ ಚಾಕು ಕೈಗೆ ಎಟುಕದೆ, ತೋಳಿನದನ್ನು ತೆಗೆದು, ಉಸಿರು ನಿಧಾನ ಮಾಡಿಕೊಂಡು ಎಳೆಎಳೆಯಾಗಿ ಕೊಯ್ಯುತ್ತಿದ್ದಳಂತೆ. ಮೇಲಿದ್ದ ನಮಗೆ ಅದೇನು ಗೊತ್ತು?

“ಕಾಕಾ, ಗುಳ್ಳಿ ಒಂದ ಕಡೆ ನಿಂತಾವ,” ಎಂದೆ.

ತಿರುಗಿ ನೋಡಿದರೆ ಕಾಕಾ ಕೂತಲ್ಲಿರಲಿಲ್ಲ. ಬಾವಿಯ ಮೆಟ್ಟಿಲಿಳಿದು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಬಿಳಿ ಅಂಗಿ ಸುತ್ತ ಉಬ್ಬಿ ತೇಲುತ್ತಿತ್ತು. ಅವರಿಗೆ ಈಜು ಬರುವುದಿಲ್ಲ.

ಅಷ್ಟರಲ್ಲಿ ಕಾಕಿ ಅವರ ಪಕ್ಕದಲ್ಲೇ ಮೇಲೆದ್ದಳು. ಬಾಯಿಂದ ನಳಿಗೆ ತೆಗೆದು, “ನೀವ್ಯಾಕ ಇಳದ್ರಿ?” ಎಂದಳು.

ಕಾಕಾ ನೀರನ್ನೇ ನೋಡುತ್ತಿದ್ದರು. “ಇನ್ನೊಂದ ಮೆಟ್ಟಲ ಹುಡುಕಾಕತ್ತಿದ್ದೆ.”

ಅದರಾಚೆ ಮೆಟ್ಟಿಲಿರಲಿಲ್ಲ. ಅದು ಕಾಕಿಗೂ ಗೊತ್ತು. ಮಂದಿಯ ಮುಂದೆ ಎಂದೂ ಗಂಡನನ್ನು ಮುಟ್ಟದವಳು ಅವರ ಕೈ ಹಿಡಿದುಕೊಂಡಳು. ಬೆನ್ನಿನ ಭಾರ ಇಳಿಸದೆಯೇ ಅವರನ್ನು ಮೆಲ್ಲಗೆ ಮೇಲೆ ಹತ್ತಿಸಿಕೊಂಡು ಬಂದಳು.