ಎಲ್ಲರೂ ಕೂತ್ಕೊಳ್ರಿ!

ನಾನು ಮೊದಲ ಸಲ ಹೊರಟುಹೋದದ್ದು ಒಂದು ಸೋಮವಾರ. ಏಳನೇ ಕ್ಲಾಸು. ಗಣಿತದ ಮೇಷ್ಟ್ರು "ಹೊರಗೆ ಹೋಗಿ ನಿಂತ್ಕೋ" ಅಂದರು. ಹೊರಗೇನೋ ಹೋದೆ, ನಿಲ್ಲೋದು ಮಾತ್ರ ಆಗಲಿಲ್ಲ. ಚನ್ನಗಿರಿ ಬಸ್ ಸ್ಟ್ಯಾಂಡಿಗೆ ಬಂದು, ಹೊರಟಿದ್ದ ಬಸ್ ಹತ್ತಿದೆ. ಲಾರಿ ಕ್ಲೀನರ್, ಶಾಮಿಯಾನದವನು, ಮೈಕ್ ಸೆಟ್‌ನವನು, ಹಿಂಗೆ ಊರೂರು ಅಲೆದು ಈಗ ಹೊನ್ನಾಳಿಯ ಒಂದು ಸ್ಟುಡಿಯೋದಲ್ಲಿದ್ದೇನೆ. ಮದುವೆ, ಸಭೆ, ಪಂದ್ಯ ಎಲ್ಲವನ್ನೂ ಫೋನಿನಲ್ಲಿ ಲೈವ್ ತೋರಿಸುವ ಕೆಲಸ. ಎಲ್ಲಿಗೆ ಹೋದರೂ ಏನಾದರೊಂದು ಎಡವಟ್ಟು ನನಗಿಂತ ಮುಂಚೆ ಬಂದು ಜಾಗ ಹಿಡಿದು ಕೂತಿರುತ್ತದೆ.

ಈಚೆಗೆ ನಮ್ಮ ಯಜಮಾನರು ಒಂದು ಎಐ ಏಜೆಂಟ್ ಹಾಕಿಸಿದ್ದಾರೆ. ಕ್ಯಾಮೆರಾ ಬದಲಿಸಲು ಒಂದು ಟೂಲ್, ಧ್ವನಿ ನಿಲ್ಲಿಸಲು ಒಂದು, ಲೈವ್ ಮುಗಿಸಲು ಒಂದು. ಯಾವ ಟೂಲ್ ಏನು ಮಾಡುತ್ತದೆ, ಯಾವಾಗ ಬಳಸಬೇಕು ಅಂತ ಬರೆದಿಟ್ಟರೆ ಏಜೆಂಟ್ ಅದನ್ನು ಓದಿಕೊಂಡು ತಾನೇ ಕಾರ್ಯಕ್ರಮ ನಡೆಸುತ್ತದೆ. ಬರೆಯುವವನು ನಾನು.

"ನಾನು ಏಳನೇ ಕ್ಲಾಸು ಮೇಡಂ" ಅಂದೆ, ಅದನ್ನು ತಯಾರಿಸಿದ ಇಂಜಿನಿಯರ್ ಮೇಡಂಗೆ.

"ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ಬರೀರಿ ಸಾಕು. ನೀವು ಬರೆದಷ್ಟೇ ಅದಕ್ಕೆ ಗೊತ್ತು, ನೆನಪಿರಲಿ" ಅಂದರು.

ನನ್ನ ಬರಹವನ್ನು ಮೇಷ್ಟ್ರು ಕೂಡ ಪೂರ್ತಿ ಓದಿದವರಲ್ಲ. ಇದು ಒಂದಕ್ಷರ ಬಿಡದೆ ಓದುತ್ತದೆ. ದೊಡ್ಡ ಉಪಕಾರ. ತೊಂದರೆಯೂ ಅದೇ.

ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಜಗಳೂರಿನಲ್ಲಿ ಗೊತ್ತಾಯಿತು. ಅವ್ವ ಇಲ್ಲದ ನನ್ನನ್ನು ಸಾಕಿದವಳು ಅಕ್ಕ. ಅವಳಿಗೋ ಸೊಂಟದ ಆಪರೇಷನ್ ಆಗಿ, ಚನ್ನಗಿರಿಯ ಹಾಸಿಗೆ ಬಿಟ್ಟು ಏಳುವಂತಿರಲಿಲ್ಲ. "ಮದುವೆ ಮುಂದಕ್ಕೆ ಹಾಕಬ್ಯಾಡ್ರಿ" ಅಂತ ಅವಳೇ ಹಟ ಹಿಡಿದಳು. ನನ್ನ ಕೈ ಹಿಡಿದು, "ತಮ್ಮ, ಬ್ಯಾರೆ ಏನೂ ಬ್ಯಾಡ. ತಾಳಿ ಕಟ್ಟೋದೊಂದು ನನಗೆ ತೋರ್ಸು" ಅಂದಳು.

ಅಷ್ಟರೊಳಗೆ ಏಜೆಂಟನ್ನು ಪಳಗಿಸಬೇಕಿತ್ತು.

ನ್ಯಾಮತಿಯ ಹೋಳಿಗೆ

ಕ್ಯಾಮೆರಾ ಬದಲಿಸುವ ಟೂಲಿಗೆ "ಯಾರು ಜೋರಾಗಿ ಮಾತಾಡುತ್ತಾರೋ ಅವರನ್ನು ತೋರಿಸು" ಅಂತ ಬರೆದೆ. ನ್ಯಾಮತಿಯಲ್ಲೊಂದು ಸಮಾರಂಭ. ಊಟದ ವೈಭವವನ್ನೂ ತೋರಿಸಿ ಅಂದಿದ್ದರು, ಅದಕ್ಕೆ ಅಡುಗೆ ಮನೆಯಲ್ಲೂ ಒಂದು ಕ್ಯಾಮೆರಾ, ಒಂದು ಮೈಕ್ ಇಟ್ಟಿದ್ದೆ.

ಮುಖ್ಯ ಅತಿಥಿಗಳದು ಮೆಲುದನಿ. "ಇಂದಿನ ಸಮಾಜಕ್ಕೆ ಬೇಕಾದದ್ದು..." ಅಂದರು. ವೇದಿಕೆಯ ದೊಡ್ಡ ಪರದೆಯ ಮೇಲೆ ಸೌಟು ಹಿಡಿದ ಅಡುಗೆ ಭಟ್ಟರು ಬಂದರು. "ಸಾರಿಗೆ ಉಪ್ಪು ಹಾಕಿದ್ಮ್ಯಾಲೆ ಇನ್ನೊಬ್ರು ಹಾಕಿದ್ರೆ ಸೌಟಲ್ಲೇ ಬಡಿತೀನಿ! ಹೋಳಿಗೆ ಆರ್ತಾ ಐತೆ, ಆ ಯಪ್ಪಂದು ಭಾಷಣ ಯಾವಾಗ ಮುಗೀತೈತೋ!"

ಅತಿಥಿಗಳು ತಿರುಗಿ ಪರದೆ ನೋಡಿದರು, ಕನ್ನಡಕ ತೆಗೆದರು. "ಸಮಾಜಕ್ಕೆ ಬೇಕಾದದ್ದು ಈಗ ತಯಾರಾಗಿದೆ ಅಂತ ಕಾಣುತ್ತೆ" ಅಂತ ಹೇಳಿ ಕೂತರು. ಅವರಿಗೆ ಅಷ್ಟು ಚಪ್ಪಾಳೆ ಹಿಂದೆಂದೂ ಬಿದ್ದಿರಲಿಲ್ಲವಂತೆ.

ಹೊನ್ನಾಳಿಯ ಮೂಕ ಆಟಗಾರ

ಮೈಕ್ ಟೆಸ್ಟ್ ಮಾಡುವವರ "ಹಲೋ ಹಲೋ ಹಲೋ" ನೋಡುವವರಿಗೆ ತಲೆನೋವು. ಧ್ವನಿಯ ಟೂಲಿಗೆ "ಒಂದೇ ಮಾತು ಮತ್ತೆ ಮತ್ತೆ ಬಂದರೆ ಧ್ವನಿ ನಿಲ್ಲಿಸು" ಅಂತ ಬರೆದೆ. ಮರುದಿನವೇ ಹೊನ್ನಾಳಿಯಲ್ಲಿ ಕಬಡ್ಡಿ.

ಕೊನೆಯ ರೈಡಿನಲ್ಲಿ ಒಬ್ಬ ಆಟಗಾರ ಇಬ್ಬರನ್ನು ಮುಟ್ಟಿ ಬಂದು ಗೆಲ್ಲಿಸಿದ. ಸೋತ ತಂಡದ ನಾಯಕ ಫೋನಿನಲ್ಲಿ ಲೈವನ್ನು ಹಿಂದಕ್ಕೆ ಓಡಿಸಿಕೊಂಡು ಅಂಪೈರ್ ಮುಂದೆ ಬಂದ. "ನೋಡ್ರಿ ಸಾ, ಲೈವ್ ಐತೆ. ಇವ್ನು ಕಬಡ್ಡಿ ಅಂದೇ ಇಲ್ಲ!"

"ನನ್ನ ಕಿವೀಲೆ ಕೇಳೀನಿ ಕಣ್ರಿ" ಅಂದರು ಅಂಪೈರ್. ಫೋನ್ ನೋಡಿದರು. ಮತ್ತೊಮ್ಮೆ ನೋಡಿದರು. "ಕೇಳೀನಾ?" ಅಂತ ಲೈನ್‌ಮನ್ನನ್ನು ಕೇಳಿದರು. ಕೊನೆಗೆ ಆಟಗಾರನನ್ನು ಕರೆದು "ಕ್ಯಾಮೆರಾ ಮುಂದೆ ಅನ್ನಪ್ಪ, ನೋಡಾನ" ಅಂದರು. ಅವನು ಕತ್ತಿನ ನರ ಉಬ್ಬಿಸಿಕೊಂಡು ಅಂದ. ಫೋನಿನಲ್ಲಿ ಮತ್ತೆ ಮೂಕ.

ಓಡಿ ಹೋಗಿ ಆ ಸಾಲು ಅಳಿಸಿದೆ. ಧ್ವನಿ ಬಂತು. ಲೈವಿನಲ್ಲಿ ಮೊದಲು ಕೇಳಿಸಿದ್ದು ಅವನು ನನಗೆ ಬೈದದ್ದು. ಒಂದು ಮಾತೂ ಎರಡು ಸಲ ಬರದ ಹಂಗೆ ಬೈದ.

ಚನ್ನಗಿರಿಯ ಶಾಲು

ಲೈವ್ ಯಾವಾಗ ಮುಗಿಸಬೇಕು ಅಂತ ಬರೆಯುವುದೇ ಮರೆತಿದ್ದೆ. ಚನ್ನಗಿರಿಯಲ್ಲಿ ಒಂದು ಸಂಘದ ಸಭೆ ಮುಗಿದು ಜನ ಎದ್ದು ಹೋದರೂ ಅದು ನಡೆದೇ ಇತ್ತು. ಅಧ್ಯಕ್ಷರೊಬ್ಬರೇ ವೇದಿಕೆ ಮೇಲೆ ಉಳಿದರು. ಆ ಕಡೆ ಈ ಕಡೆ ನೋಡಿ, ಬೇರೆಯವರು ಬಿಟ್ಟುಹೋದ ಶಾಲುಗಳನ್ನು ಒಂದೊಂದಾಗಿ ಹೊದ್ದು ಸೆಲ್ಫಿ ತೆಗೆದುಕೊಳ್ಳತೊಡಗಿದರು. ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ಮನೆಯವರು.

"ರೀ, ಆ ಹಸಿರು ಶಾಲು ನಿಮಗೆ ಒಪ್ಪಲ್ಲ. ಕೆಂಪಿಂದೇ ಇರ್ಲಿ."

ಜಗಳೂರಿನ ಅಕ್ಕಿಕಾಳು

ಅಧ್ಯಕ್ಷರ ದೆಸೆಯಿಂದ ಹೊಸ ಸಾಲು ಬರೆದೆ: "ಜನರೆಲ್ಲ ಒಟ್ಟಿಗೆ ಎದ್ದರೆ ಮುಗಿಯಿತು ಅಂತ ತಿಳಿ, ಲೈವ್ ನಿಲ್ಲಿಸು. ಮತ್ತೆ ಕೂತರೆ ಶುರು ಮಾಡು." ಇನ್ನು ಭಯವಿಲ್ಲ ಅಂದುಕೊಂಡು ಜಗಳೂರಿಗೆ ಬಂದೆ. ಚನ್ನಗಿರಿಯಲ್ಲಿ ಅಕ್ಕ ಹೊಸ ಸೀರೆ ಉಟ್ಟು, ದಿಂಬಿಗೆ ಫೋನ್ ಒರಗಿಸಿಕೊಂಡು ಮಲಗಿದ್ದಳು.

ಎಲ್ಲ ಚೆನ್ನಾಗಿ ನಡೆಯಿತು. ಐನೋರು ಕೈ ಎತ್ತಿದರು, ವಾಲಗದವರು ಗಟ್ಟಿಮೇಳ ಹಿಡಿದರು, ಮದುಮಗ ತಾಳಿ ಎತ್ತಿಕೊಂಡ. ಅಕ್ಕಿಕಾಳು ಹಾಕಲು ಇಡೀ ಛತ್ರ ಎದ್ದು ನಿಂತಿತು.

ನನ್ನ ಪರದೆಯ ಮೇಲೆ "ಕಾರ್ಯಕ್ರಮ ಮುಗಿಯಿತು, ಧನ್ಯವಾದಗಳು" ಅಂತ ಬಂತು.

ಅಕ್ಕನ ಮುಖ ಕಣ್ಣ ಮುಂದೆ ಬಂತು. ಬರೆದದ್ದನ್ನು ತಿದ್ದಲು ಹೊತ್ತಿಲ್ಲ. ಐನೋರ ಮುಂದಿದ್ದ ಮೈಕ್ ಕಿತ್ತುಕೊಂಡು ಕೂಗಿದೆ: "ಎಲ್ಲರೂ ಕೂತ್ಕೊಳ್ರಿ!"

ವಾಲಗ ನಿಂತಿತು. ಮದುಮಗನ ಕೈ ಅಲ್ಲೇ ನಿಂತಿತು. ಸೊಕ್ಕೆ ಹಳ್ಳಿಯಿಂದ ಬಂದಿದ್ದ ಗಂಡಿನ ಕಡೆಯ ಹಿರಿಯರೊಬ್ಬರು, "ಹೆಣ್ಣಿನ ಕಡೆ ಪದ್ಧತಿ ಹಿಂಗೇ ಇರ್ಬೇಕು, ಕೂರ್ರಪ್ಪ" ಅಂತ ಕೂತರು. ನಮ್ಮ ಭಾವ, "ಗಂಡಿನ ಕಡೆಯೋರೇ ಕೂತ್ರು, ನಾವು ನಿಂತ್ರೆ ಮರ್ಯಾದೆ ಅಲ್ಲ" ಅಂತ ಕೂತರು. ಛತ್ರವೆಲ್ಲ ಕೂತಿತು. ಲೈವ್ ಶುರುವಾಯಿತು. "ಈಗ ಕಟ್ರಿ!" ಅಂದೆ. ಗಟ್ಟಿಮೇಳ ಮತ್ತೆ ಮೊಳಗಿತು. ಕೂತಲ್ಲಿಂದಲೇ ಎಸೆದ ಅಕ್ಕಿಕಾಳು ಮದುಮಕ್ಕಳನ್ನು ಮುಟ್ಟದೆ ಮುಂದಿನ ಸಾಲಿನಲ್ಲಿದ್ದ ಸೊಕ್ಕೆಯ ಹಿರಿಯರ ತಲೆ ಮೇಲೆಲ್ಲ ಬಿತ್ತು. ಅವರು ಕಣ್ಣು ಮುಚ್ಚಿ ಆಶೀರ್ವಾದ ಪಡೆದರು.

ಅಕ್ಕ ಫೋನ್ ಮಾಡಿದಳು. ಅಳುತ್ತಿದ್ದಳು, ನಗುತ್ತಿದ್ದಳು. "ತಮ್ಮ, ಎಷ್ಟು ಚೆಂದ ಕಾಣ್ತೋ! ಒಬ್ರೂ ಅಡ್ಡ ನಿಲ್ಲಲಿಲ್ಲ. ನನ್ನ ಮದುವೆ ಫೋಟೋದಾಗೆ ಬರೀ ಮಂದಿ ಬೆನ್ನು. ಆ ನಿನ್ನ ಏಜೆಂಟು ಪುಣ್ಯಾತ್ಮ, ಊಟಕ್ಕೆ ಕೂರ್ಸಿದ್ಯೇನೋ?"

ಊಟ ಮುಗಿಸಿ ವೈರ್ ಸುತ್ತುತ್ತಿದ್ದೆ. "ಎರಡು ದಿನ ನಿಂತು ಹೋಗೋ" ಅಂದರು ಭಾವ. ನಿಲ್ಲೋದು ನನಗೆ ಮೇಷ್ಟ್ರ ಕಾಲದಿಂದಲೂ ಬಂದಿಲ್ಲ. ಲ್ಯಾಪ್‌ಟಾಪಿನ ಕೀಬೋರ್ಡಿನ ಸಂದಿಯಲ್ಲಿ ಅಕ್ಕಿಕಾಳು ಸಿಕ್ಕಿಕೊಂಡಿದ್ದವು. ಇರಲಿ ಅಂತ ಹಾಗೇ ಮಡಚಿದೆ. ಸೊಕ್ಕೆಯ ಹಿರಿಯರು ತಲೆಯ ಅಕ್ಕಿ ಕೊಡವುತ್ತಾ ಬಂದರು.

"ನಮ್ಮ ಮೊಮ್ಮಗಳ ಮದುವೇಗೂ ನೀವೇ ಬರ್ರಿ. ಆದ್ರೆ ಒಂದು ಮಾತು. ಆವತ್ತು ನಾನು ಹಿಂದಿನ ಸಾಲಿನಾಗೆ ಕೂರ್ತೀನಿ."

ಬ್ಯಾಗ್ ಹೆಗಲಿಗೇರಿಸಿದೆ.